ಫೋಟೋದೊಳಗಿನ ಸಮವಸ್ತ್ರ ಏನು ಹೇಳುತ್ತದೆ?

(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಹಂಪಿಯ ಕಲ್ಲಿನ ರಥವನ್ನು ನೀವೆಲ್ಲ ನೋಡಿದ್ದೀರಿ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ತೆಗೆದ ಫೋಟೋದಲ್ಲಿ ಅದರ ಮೇಲೆ ಇಟ್ಟಿಗೆಯ ಗೋಪುರವಿದೆ. ಇಂದು ಅದಿಲ್ಲ. ಗೋಪುರವಿರುವ ಚಿತ್ರ ಸಿಕ್ಕರೆ ಅದು ಹಳೆಯ ಕಾಲದ್ದೆಂದು ತಿಳಿಯುತ್ತದೆ. ಯುದ್ಧಕಾಲದ ಫೋಟೋಗಳನ್ನೂ ಹೀಗೆಯೇ ಗುರುತು ಹಿಡಿದು ಓದಬೇಕು. ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಇಳಿಯುವ ಸೈನಿಕರ ಚಿತ್ರಗಳನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

ಮೊದಲು ತಲೆಯನ್ನು ನೋಡಿ. ನಮ್ಮ ಪ್ಯಾರಾಚೂಟ್ ರೆಜಿಮೆಂಟಿನವರ ಟೋಪಿ ಮರೂನ್ ಬಣ್ಣದ್ದು. ಕಪ್ಪು-ಬಿಳುಪು ಫೋಟೋದಲ್ಲಿ ಆ ಬಣ್ಣ ತಿಳಿಯುವುದಿಲ್ಲ. ಆದ್ದರಿಂದ ಎರಡು ರೆಕ್ಕೆಗಳ ನಡುವೆ ಪ್ಯಾರಾಚೂಟ್ ಇರುವ ಬ್ಯಾಡ್ಜನ್ನು ಹುಡುಕಬೇಕು. ಎರಡನೇ ಮಹಾಯುದ್ಧದ ಬ್ರಿಟಿಷ್ ಕಾಲಾಳುಗಳ ಹೆಲ್ಮೆಟ್‌ಗೆ ಅಗಲವಾದ ಅಂಚಿತ್ತು. ಪ್ಯಾರಾಚೂಟ್ ಸೈನಿಕರ ಹೆಲ್ಮೆಟ್‌ಗೆ ಆ ಅಂಚಿರಲಿಲ್ಲ. ಇದ್ದರೆ ಹಗ್ಗ ಸಿಕ್ಕಿಕೊಳ್ಳುವ ಅಪಾಯ. ಅದೇ ಯುದ್ಧದಲ್ಲಿ ಅಮೆರಿಕದವರು ಬೆನ್ನಿನ ಪ್ಯಾರಾಚೂಟ್ ಕೈಕೊಟ್ಟರೆ ಇರಲೆಂದು ಎದೆಗೆ ಇನ್ನೊಂದನ್ನು ಕಟ್ಟುತ್ತಿದ್ದರು, ಬ್ರಿಟಿಷರು ಕಟ್ಟುತ್ತಿರಲಿಲ್ಲ.

ಇಷ್ಟು ಗೊತ್ತಾದರೆ ಚಿತ್ರದಲ್ಲಿರುವವರು ಯಾರೆಂದು ಹೇಳಬಹುದು. ಆದರೆ ಎಲ್ಲಿ, ಯಾವಾಗ ಎಂಬುದನ್ನು ಸಮವಸ್ತ್ರವೊಂದೇ ಹೇಳಲಾರದು. 1971ರ ಡಿಸೆಂಬರ್ 11ರಂದು ನಮ್ಮ 2 ಪ್ಯಾರಾ ಬೆಟಾಲಿಯನ್ ಇಂದಿನ ಬಾಂಗ್ಲಾದೇಶದ ಟಾಂಗೈಲ್ ಬಳಿ ಇಳಿದು ಪೂಂಗ್ಲಿ ಸೇತುವೆಯನ್ನು ವಶಪಡಿಸಿಕೊಂಡಿತು. ಆಗ ಪತ್ರಿಕೆಗಳಿಗೆ ಆಕಾಶದ ತುಂಬ ಪ್ಯಾರಾಚೂಟ್‌ಗಳಿದ್ದ ಒಂದು ಚಿತ್ರ ಹೋಯಿತು. ಅದನ್ನು ಕಂಡವರಿಗೆ ಇಡೀ ಬ್ರಿಗೇಡೇ ಇಳಿದಂತೆ ತೋರಿತು. ಆದರೆ ಅದು ಮೊದಲೇ ಆಗ್ರಾದಲ್ಲಿ ನಡೆದ ತರಬೇತಿಯ ಚಿತ್ರವೆಂದು, ಅದನ್ನು ಕೊಟ್ಟ ರಕ್ಷಣಾ ಇಲಾಖೆಯ ಅಧಿಕಾರಿ ಐ. ರಾಮಮೋಹನ ರಾವ್ ಅವರೇ ಮುಂದೆ ಹೇಳಿದರು. ಸೈನಿಕರು ನಿಜ, ಸಮವಸ್ತ್ರ ನಿಜ, ಅವರ ಸಾಹಸವೂ ನಿಜ. ಹೊಂದದೆ ಇದ್ದದ್ದು ಚಿತ್ರಕ್ಕೂ ಸುದ್ದಿಗೂ ಮಾತ್ರ. ಐದೇ ದಿನಗಳಲ್ಲಿ ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಯಿತು.

ಮಕ್ಕಳೇ, ಇಂದು ಮೊಬೈಲಿನಲ್ಲಿ ಯುದ್ಧದ ಚಿತ್ರ ಬಂದ ಕೂಡಲೇ ನಾಲ್ಕು ಜನಕ್ಕೆ ಕಳಿಸುತ್ತೇವೆ. ಕಳಿಸುವ ಮುನ್ನ ಸಮವಸ್ತ್ರ, ವಿಮಾನ, ನೆಲ, ನೆರಳು ಇವನ್ನೆಲ್ಲ ನೋಡಿ. ಕೆಳಗಿನ ಬರಹ ಯಾರದ್ದೆಂದು ಕೇಳಿ.

ಇನ್ನೊಂದು ಕೆಲಸ ನಿಮ್ಮ ಮನೆಯಲ್ಲೇ ಇದೆ. ಹೊಸಪೇಟೆ, ಸಂಡೂರು, ಕಂಪ್ಲಿಯ ಎಷ್ಟೋ ಮನೆಗಳ ಟ್ರಂಕಿನಲ್ಲಿ ಸೈನ್ಯಕ್ಕೆ ಹೋದ ಅಜ್ಜನದೋ ದೊಡ್ಡಪ್ಪನದೋ ಫೋಟೋ ಇರಬಹುದು. ಆ ಮುಖ ಗುರುತಿಸುವ ಹಿರಿಯರು ಇರುವಾಗಲೇ ಹತ್ತಿರ ಕೂತು ಕೇಳಿ. ಹೆಸರು, ಊರು, ವರ್ಷ, ರೆಜಿಮೆಂಟು ಇವಿಷ್ಟನ್ನು ಹಿಂಬದಿಯಲ್ಲಿ ಮೆದುವಾದ ಪೆನ್ಸಿಲ್ಲಿನಿಂದ ಒತ್ತದೆ ಬರೆದಿಡಿ. ಗೊತ್ತಿಲ್ಲದ್ದನ್ನು ಊಹಿಸಿ ಬರೆಯಬೇಡಿ; ಆ ಜಾಗ ಖಾಲಿ ಇರಲಿ. ಹಾಗೆ ಮಾಡಿದರೆ ಈ ಶಾಲೆ ನೂರು ವರ್ಷ ತುಂಬುವಾಗ ಬರುವ ಮಕ್ಕಳಿಗೆ ಅವರು ಬರೀ ಯಾರೋ ಒಬ್ಬ ಸೈನಿಕರಾಗಿ ಉಳಿಯುವುದಿಲ್ಲ.