ಬ್ರಹ್ಮಾವರದ ಆರಾಧನೆಯಲ್ಲಿ ಒಂದು ಪುರಾತನ ವಾದ



ಕುಂದಾಪುರದಿಂದ ಉಡುಪಿಗೆ ಹೋಗುವ ಹಾದಿಯಲ್ಲಿರುವ ಬ್ರಹ್ಮಾವರದಲ್ಲಿ ಆರ್ಥೊಡಾಕ್ಸ್ ಸಿರಿಯನ್ ಕ್ರೈಸ್ತರ ದೇವಾಲಯವೊಂದಿದೆ. 1889ರಲ್ಲಿ ಕೊಟ್ಟಾಯದಲ್ಲಿ ಬಿಷಪ್ ಪದವಿಯನ್ನು ಪಡೆದ ಆಲ್ವಾರೆಸ್ ಮಾರ್ ಜೂಲಿಯಸ್ ಅವರನ್ನು ಅನುಸರಿಸಿ ಇಲ್ಲಿಯ ಅನೇಕ ಕೊಂಕಣಿ ಕುಟುಂಬಗಳು ರೋಮಿನ ಅಧಿಕಾರವನ್ನು ತೊರೆದು ಅಂತಿಯೋಕ್ಯದ ಪರಂಪರೆಯನ್ನು ಸೇರಿದುವು. ಆ ಪರಂಪರೆಯ ವಿಶ್ವಾಸಪ್ರಮಾಣವು, ಕಾಣುವ ಮತ್ತು ಕಾಣದ ಸಮಸ್ತವನ್ನೂ ಸೃಷ್ಟಿಸಿದವನು ಒಬ್ಬನೇ ದೇವರೆಂದು ಮೊದಲಲ್ಲಿಯೇ ಸಾರುತ್ತದೆ. ಇಷ್ಟು ಸರಳವಾದ ಮಾತನ್ನು ಒತ್ತಿ ಹೇಳಬೇಕಾದುದೇಕೆ? ಅದನ್ನು ಅಲ್ಲಗಳೆದವರು ಹಿಂದೆ ಇದ್ದರು.

ಅವರನ್ನು ‘ನಾಸ್ಟಿಕ’ರೆನ್ನುವರು. ಇವರು ನಮ್ಮ ನಾಸ್ತಿಕರಲ್ಲ. ಗ್ರೀಕಿನ ‘ಗ್ನೋಸಿಸ್’ ಶಬ್ದವು ನಮ್ಮ ‘ಜ್ಞಾನ’ ಶಬ್ದದ ಸೋದರಿ. ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಪ್ರಬಲಿಸಿದ ಇವರಲ್ಲಿ ಪಂಗಡಗಳು ಹಲವು. ಈ ಜಗತ್ತು ಪರಮದೇವನ ಕೃತಿಯಲ್ಲ, ಕೀಳು ಶಕ್ತಿಯೊಂದರ ರಚನೆ. ದೇಹವು ಆತ್ಮದ ಸೆರೆಮನೆ. ಗೂಢಜ್ಞಾನವನ್ನು ಪಡೆದ ಕೆಲವರಿಗೆ ಮಾತ್ರ ಬಿಡುಗಡೆ ಎಂಬುದು ಅವರಲ್ಲಿ ಹಲವರ ಮತ. ಕ್ರಿಸ್ತನ ದೇಹವೂ ಬರಿಯ ತೋರಿಕೆಯೆಂದವರುಂಟು.

ಈ ತೋರಿಕೆಯ ವಾದವನ್ನು ಮೊದಲಿಗೆ ಎದುರಿಸಿದವರಲ್ಲಿ ಅಂತಿಯೋಕ್ಯದ ಬಿಷಪ್ ಇಗ್ನಾಸಿಯಸನೊಬ್ಬನು. ಮರಣದಂಡನೆಗಾಗಿ ರೋಮಿಗೆ ಒಯ್ಯಲ್ಪಡುತ್ತಿದ್ದಾಗ ಅವನು ಬರೆದ ಪತ್ರಗಳಲ್ಲಿ, ಪ್ರಭುವಿನ ಸಂಕಟವು ತೋರಿಕೆಯಾದರೆ ನನಗೇಕೆ ಈ ಸಂಕೋಲೆ ಎಂಬ ಭಾವದ ಪ್ರಶ್ನೆಯಿದೆ. ಸುಮಾರು 180ರಲ್ಲಿ ಲಿಯೋನಿನ ಬಿಷಪ್ ಐರೇನಿಯಸನು ಐದು ಸಂಪುಟಗಳ ಖಂಡನಗ್ರಂಥವನ್ನೇ ರಚಿಸಿದನು. ಭೂಮಿಯ ಬೆಳೆಯಾದ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ದೇವರಿಗೆ ಅರ್ಪಿಸುವವರು ಭೂಮಿಯನ್ನು ಹಳಿಯುವುದು ಹೇಗೆ ಎಂಬುದು ಅವನ ವಾದಗಳಲ್ಲೊಂದು. ಅಪೊಸ್ತಲರಿಗೆ ರಹಸ್ಯಬೋಧೆಯಿದ್ದಲ್ಲಿ ಅದನ್ನು ತಾವು ಸಭೆಗಳನ್ನು ಒಪ್ಪಿಸಿದವರಿಗೇ ಹೇಳುತ್ತಿದ್ದರೆಂಬುದು ಇನ್ನೊಂದು. 373ರಲ್ಲಿ ತೀರಿಕೊಂಡ ಸಿರಿಯದ ಎಫ್ರೇಮನು ಇಂಥ ಮತಗಳಿಗೆ ಹಾಡುಗಳ ಮೂಲಕ ಉತ್ತರವಿತ್ತನು.

325ರ ನೈಸೀಯದ ಸಭೆ ಸೇರಿದುದು ಬೇರೊಂದು ವಿವಾದಕ್ಕಾಗಿ. ಆದರೂ ಅದರ ವಿಶ್ವಾಸಪ್ರಮಾಣದ ಆದಿವಾಕ್ಯದಲ್ಲಿ ಈ ಹಳೆಯ ಉತ್ತರವೇ ಕೇಳಿಬರುತ್ತದೆ.

ನಾವು ನ್ಯಾಯ ತಪ್ಪಬಾರದು. ಬಹುಕಾಲ ನಾಸ್ಟಿಕರ ಮಾತನ್ನು ಜಗತ್ತು ಹೆಚ್ಚಾಗಿ ಅವರ ವಿರೋಧಿಗಳ ಬಾಯಿಂದಲೇ ಕೇಳಿತು. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯ ಬಳಿ ಕಾಪ್ಟಿಕ್ ಭಾಷೆಯ ಹೊತ್ತಗೆಗಳು ದೊರೆತ ಮೇಲೆ ಅವರ ಸ್ವಂತ ದನಿಯೂ ಕೇಳಿಸಿತು. ಲೋಕದ ದುಃಖವನ್ನು ಕಂಡು ನೊಂದವರ ದನಿಯದು. ದುಃಖವಿರುವ ಲೋಕವನ್ನು ದೇವರದೆನ್ನುವುದು ಹೇಗೆಂಬ ಅವರ ಪ್ರಶ್ನೆ ಇಂದಿಗೂ ಸತ್ತಿಲ್ಲ. ಗದ್ದೆಯಲ್ಲಿ ದುಡಿದು ಬಂದ ಗೃಹಸ್ಥನು ಬ್ರಹ್ಮಾವರದ ಆ ದೇವಾಲಯದಲ್ಲಿ ನಿಂತು ವಿಶ್ವಾಸಪ್ರಮಾಣವನ್ನು ಹೇಳುವಾಗ, ತನ್ನ ಕೈಗೆ ಮೆತ್ತಿದ ಮಣ್ಣು ಕೀಳಲ್ಲವೆಂದು ತಿಳಿದೋ ತಿಳಿಯದೆಯೋ ಆ ಪ್ರಶ್ನೆಗೆ ಉತ್ತರ ಕೊಡುತ್ತಾನೆ.