ಹರಾಜಿನ ಮೇಜಿನ ಮೇಲೆ ಏನಿರಬೇಕು?

(ನಮ್ಮೂರಿನ ಸೇವಾ ಕ್ಲಬ್ಬೊಂದರ ಮಾಸಿಕ ಸಭೆಯಲ್ಲಿ ಸಹಾಯಾರ್ಥ ಹರಾಜಿನ ಬಗ್ಗೆ ಅತಿಥಿಯಾಗಿ ಆಡಿದ ಮಾತುಗಳಿವು. ನೀವೂ ಆ ಸಭೆಯಲ್ಲಿ ಕುಳಿತಿದ್ದೀರಿ ಎಂದೇ ತಿಳಿದು ಓದಬೇಕಾಗಿ ವಿನಂತಿ.)



ಹರಾಜಿನ ಬಗ್ಗೆ ಮಾತನಾಡಲು ಮಂಡಿ ವ್ಯಾಪಾರಿಯನ್ನು ಬಿಟ್ಟು ಉರ್ದು, ಕನ್ನಡ ಕಲಿಸುವ ಶಿಕ್ಷಕಿಯನ್ನು ಕರೆದಿದ್ದೀರಿ. ಹಾಗಾಗಿ ಪದದಿಂದಲೇ ಆರಂಭಿಸುತ್ತೇನೆ. 'ಹರಾಜು' ಅರಬ್ಬಿ ಮೂಲದ ಮಾತು. 'ಲಿಲಾವು' ಪೋರ್ಚುಗೀಸರಿಂದ ಬಂದದ್ದು. ಕೂಗುವ ಬೆಲೆಗೆ ನಾವು 'ಸವಾಲು' ಎನ್ನುತ್ತೇವೆ. ಉರ್ದುವಿನಲ್ಲಿ ಸವಾಲ್ ಎಂದರೆ ಪ್ರಶ್ನೆ, ಯಾಚನೆಯೂ ಹೌದು, ಬೇಡುವವನು 'ಸವಾಲಿ'. ಕೂಗುವವನಿಗೂ ಬೇಡುವವನಿಗೂ ಒಂದೇ ಪದ ಹಂಚಿಹೋಗಿದೆ!

ಹದೀಸಿನಲ್ಲಿ ಒಂದು ಹರಾಜಿನ ಪ್ರಸಂಗವಿದೆ. ಯಾಚಿಸಲು ಬಂದ ಅನ್ಸಾರಿಯೊಬ್ಬರನ್ನು ಪ್ರವಾದಿವರ್ಯರು (ಸ) ಮನೆಯಲ್ಲಿ ಏನಿದೆ ಎಂದು ಕೇಳಿದರು. ಇದ್ದದ್ದು ಒಂದು ಹೊದಿಕೆ, ಒಂದು ಬಟ್ಟಲು. ಅವನ್ನೇ ತರಿಸಿ ಸಭೆಯಲ್ಲಿ ಬೆಲೆ ಕೇಳಿದರು. ಒಬ್ಬರು ಒಂದು ದಿರ್ಹಮ್ ಎಂದರು. ಹೆಚ್ಚು ಕೊಡುವವರು ಯಾರೆಂದು ಮತ್ತೆ ಕೇಳಿದಾಗ ಎರಡು ದಿರ್ಹಮ್ ಬಂತು. ಒಂದರಲ್ಲಿ ಮನೆಗೆ ಆಹಾರ, ಇನ್ನೊಂದರಲ್ಲಿ ಕೊಡಲಿ. ಸೌದೆ ಕಡಿದು ಮಾರಿದ ಆತ ಹದಿನೈದು ದಿನ ಕಳೆದು ಹತ್ತು ದಿರ್ಹಮ್ ಸಂಪಾದಿಸಿ ಬಂದರು. ಅಲ್ಲಿ ಹರಾಜಾದದ್ದು ವಸ್ತು, ಆತನ ಬಡತನವಲ್ಲ.

ಇನ್ನೊಂದು ಕಥೆ ಅಮೆರಿಕದ್ದು. 1864ರಲ್ಲಿ ನೆವಾಡದ ಆಸ್ಟಿನ್ ಎಂಬ ಗಣಿ ಊರಿನಲ್ಲಿ ರೂಯೆಲ್ ಗ್ರಿಡ್ಲಿ ಎಂಬ ದಿನಸಿ ವ್ಯಾಪಾರಿ ಚುನಾವಣೆಯ ಪಂದ್ಯದಲ್ಲಿ ಸೋತು 50 ಪೌಂಡಿನ ಹಿಟ್ಟಿನ ಚೀಲ ಹೊತ್ತು ನಡೆಯಬೇಕಾಯಿತು. ಆಮೇಲೆ ಆ ಚೀಲವನ್ನು ಅಂತರ್ಯುದ್ಧದ ಗಾಯಾಳು ಸೈನಿಕರ ನಿಧಿಗೆ ಹರಾಜು ಹಾಕಿದರು. ಕೊಂಡವನು ಚೀಲವನ್ನು ಹಿಂದಿರುಗಿಸಿದ. ಮತ್ತೆ ಹರಾಜು, ಮತ್ತೆ ವಾಪಸು. ಹೀಗೆ ಊರೂರು ತಿರುಗಿದ ಒಂದೇ ಚೀಲದಿಂದ ಎರಡೂವರೆ ಲಕ್ಷ ಡಾಲರಿಗೂ ಹೆಚ್ಚು ಕೂಡಿತು. ನಮ್ಮ ಕರಾವಳಿಯ ಮಸೀದಿಗಳಲ್ಲಿ ಹರಕೆಯ ತೆಂಗಿನಕಾಯಿ, ಬಾಳೆಗೊನೆ ಏಲಂ ಹಾಕುವಾಗಲೂ ಕೊಂಡವರು ಹೀಗೆ ಬಿಟ್ಟುಕೊಡುವುದುಂಟು. ಇದರಲ್ಲಿ ಲೆಕ್ಕಾಚಾರವೂ ಇದೆ. ಮಾಮೂಲಿ ಹರಾಜಿನಲ್ಲಿ ಸೋತವನ ಹಣ ಅವನ ಜೇಬಿನಲ್ಲೇ ಉಳಿಯುತ್ತದೆ. ವಸ್ತು ಮರಳಿ ಬಂದರೆ ಅವನಿಗೂ ಕೊಡುವ ಅವಕಾಶ.

ಮಾನಕ್ಕಾಗಿ ಏರುವ ಬೆಲೆಗೆ ಮಿತಿಯಿಲ್ಲ. ಹೈದರಾಬಾದಿನ ಬಾಲಾಪುರದ ಗಣೇಶನ ಲಡ್ಡು 1994ರಲ್ಲಿ 450 ರೂಪಾಯಿಗೆ ಹೋಗಿತ್ತು, 2024ರಲ್ಲಿ 30 ಲಕ್ಷ ದಾಟಿತು. ಗಾಂಧೀಜಿಯವರೂ 1933–34ರ ಹರಿಜನ ಯಾತ್ರೆಯಲ್ಲಿ ತಮಗೆ ಬಂದ ಕಾಣಿಕೆಗಳನ್ನು ಸಭೆಯಲ್ಲೇ ಹರಾಜು ಹಾಕುತ್ತಿದ್ದರು.

ಈಗ ನನ್ನ ತಪ್ಪನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಸಮಾರಂಭದಲ್ಲಿ ಬಡ ಮಕ್ಕಳ ಪುಸ್ತಕ ನಿಧಿಗೆಂದು ನನ್ನ ವಿದ್ಯಾರ್ಥಿಗಳ ಚಿತ್ರಗಳನ್ನು ಹರಾಜಿಗಿಟ್ಟಿದ್ದೆವು. ಚಿತ್ರದ ಜೊತೆ ಮಗುವೂ ವೇದಿಕೆ ಏರಿದರೆ ಜನರ ಮನ ಕರಗುತ್ತದೆ ಎಂದು ಸೂಚಿಸಿದವಳು ನಾನೇ. ಮೊದಲ ಹುಡುಗನ ಚಿತ್ರವನ್ನು ಅವನ ಮಾವನೇ 5,000ಕ್ಕೆ ಕೊಂಡರು. ಚಪ್ಪಾಳೆ! ಎರಡನೆಯವಳು ಬೀಡಿ ಕಟ್ಟುವ ತಾಯಿಯ ಮಗಳು. ಮಸೀದಿಯ ಮಿನಾರ, ಮೇಲೆ ಪಾರಿವಾಳ, ನಿಜಕ್ಕೂ ಚೆಂದದ ಚಿತ್ರ. "ನೂರು ರೂಪಾಯಿ, ಸರ್ಕಾರಿ ಸವಾಲು" ಎಂದು ಕೂಗಿದರು. ಸಭೆಯಲ್ಲಿ ಚಕಾರವಿಲ್ಲ. ಮಗು ಚಿತ್ರವನ್ನು ಇನ್ನಷ್ಟು ಎತ್ತಿ ಹಿಡಿಯಿತು, ಹಿಂದಿನವರಿಗೆ ಕಾಣಲಿಲ್ಲವೇನೋ ಎಂದು. ಕೊನೆಗೆ ನಾನೇ 200 ಎಂದೆ. ಮರುದಿನ ತರಗತಿಯಲ್ಲಿ ಅವಳು ಕೇಳಿದಳು: "ಟೀಚರ್, ಬೇರೆ ಯಾರೂ ತಗೊಳ್ಳಲ್ಲ ಅಂತ ನೀವು ತಗೊಂಡ್ರಾ?" ನನ್ನ ಬಿ.ಎಡ್. ಓದಿನಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ಆ ದಿನ ಕೂಗಿದ್ದು ಒಟ್ಟು 19,000. ಮೂರು ತಿಂಗಳು ಅಲೆದ ಮೇಲೆ ಕೈಗೆ ಬಂದದ್ದು 11,000. ಚಪ್ಪಾಳೆಯನ್ನು ಅಂದೇ ಪಡೆದವರು ಹಣ ಮಾತ್ರ ಕೊಡಲಿಲ್ಲ.

ಆದ್ದರಿಂದ ನಿಮ್ಮ ಹರಾಜಿಗೆ ನನ್ನ ಸಲಹೆ ಇಷ್ಟೇ. ಮಕ್ಕಳನ್ನಾಗಲಿ ಸಹಾಯ ಪಡೆಯುವವರನ್ನಾಗಲಿ ವೇದಿಕೆಗೆ ತರಬೇಡಿ. ಸಣ್ಣ ವಸ್ತುಗಳಿಗೆ ಕೂಗಾಟ ಬೇಡ. ಪಕ್ಕದಲ್ಲೊಂದು ಹಾಳೆ ಇಡಿ, ಬಂದವರು ಬೆಲೆ ಬರೆದು ಹೋಗಲಿ. ಐವತ್ತು ರೂಪಾಯಿ ಇರುವವರಿಗೂ ಆಗ ಸಂಕೋಚವಿರುವುದಿಲ್ಲ. ಹಣ ಅದೇ ಸಂಜೆ, ರಸೀದಿಯೂ ಅದೇ ಸಂಜೆ. ಬೆಲೆ ಏರಿಸಲೆಂದೇ ನಿಮ್ಮವರನ್ನು ನಡುವೆ ಕೂರಿಸಬೇಡಿ. ಕೊಳ್ಳುವ ಉದ್ದೇಶವಿಲ್ಲದೆ ಬೆಲೆ ಏರಿಸುವುದನ್ನು ಇಸ್ಲಾಮ್ 'ನಜಶ್' ಎಂದು ನಿಷೇಧಿಸಿದೆ. 1930ರ ಸರಕು ಮಾರಾಟ ಕಾಯ್ದೆಯ 64ನೇ ಕಲಮಿನಂತೆಯೂ, ಮಾರುವವರು ಸುಳ್ಳು ಸವಾಲು ಕೂಗಿಸಿದ್ದರೆ ಕೊಂಡವರು ಆ ಖರೀದಿಯನ್ನು ರದ್ದುಪಡಿಸಬಹುದು. ಒಳ್ಳೆಯ ಕೆಲಸಕ್ಕಲ್ಲವೇ ಎಂದು ಸಮಾಧಾನ ಹೇಳಿಕೊಳ್ಳುವ ಹಾಗಿಲ್ಲ.

ನೀವು ನಮ್ಮ ಶಾಲೆಯಿಂದಲೂ ಚಿತ್ರಗಳನ್ನು ಕೇಳಿದ್ದೀರಿ. ಕೊಡುತ್ತೇನೆ. ಆದರೆ ಅವುಗಳ ಹಿಂದೆ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ ಇರುತ್ತದೆ. ಯಾವುದು ಎಷ್ಟಕ್ಕೆ ಹೋಯಿತೆಂದು ದಯವಿಟ್ಟು ನನಗೂ ತಿಳಿಸಬೇಡಿ. ಒಟ್ಟು ಮೊತ್ತ ಹೇಳಿದರೆ ಸಾಕು. ಮಿನಾರದ ಆ ಚಿತ್ರ ಮಾತ್ರ ಮಾರಾಟಕ್ಕಿಲ್ಲ. ಅದು ನಮ್ಮ ಮನೆಯ ಗೋಡೆಯ ಮೇಲಿದೆ.