ಮಗ್ಗಲು ಬದಲಿಸೋಣ



ಇವತ್ತು ಪಾಮನಕಲ್ಲೂರಿನ ನಮ್ಮ ಕಲಿಕಾ ಕೇಂದ್ರದಲ್ಲಿ ಹಾಸಿಗೆಯ ಬಗ್ಗೆ ಮಾತಾಡ್ತೀನಿ. ನಗಬೇಡ್ರಿ. ಇದು ಮಲಗಿದಲ್ಲೇ ಇರುವವರ ಹಾಸಿಗೆಯ ಮಾತು.

ನಮ್ಮ ಅತ್ತೆಗೆ ಲಕ್ವಾ ಹೊಡೀತು. ಹೊರಸಿನ ಮೇಲೆ ಎರಡು ಕೌದಿ ಹಾಸಿ ಮಲಗಿಸಿದೆವು. ಹೊತ್ತಿಗೆ ಸರಿಯಾಗಿ ಉಣ್ಣಿಸಿದೆ. ಕೈ ಕಾಲು ಒರೆಸಿದೆ. ಆದರೆ ಬೆನ್ನು ತಿರುಗಿಸಿ ನೋಡಲಿಲ್ಲ. ಹದಿನೈದು ದಿನಕ್ಕೆ ವಾಸನೆ ಬಂತು. ನೋಡಿದರೆ ಸೊಂಟದ ಕೆಳಗೆ ಹುಣ್ಣು! "ಸೊಸೆ ನೋಡಿಕೊಳ್ಳಲಿಲ್ಲ" ಅಂತ ಓಣಿಯವರು ಅಂದರು. ನನ್ನ ಕಣ್ಣಲ್ಲಿ ನೀರು ಬಂತು.

ಈ ಹುಣ್ಣು ಯಾಕೆ ಆಗ್ತದೆ? ನಾವು ನಿದ್ದೆಯಲ್ಲೂ ಹೊರಳಾಡ್ತೀವಿ. ಲಕ್ವಾ ಹೊಡೆದವರು ಹೊರಳಲಾರರು. ಎಲುಬಿಗೂ ಹಾಸಿಗೆಗೂ ನಡುವೆ ಚರ್ಮ ಸಿಕ್ಕಿಕೊಳ್ಳುತ್ತದೆ. ಅಲ್ಲಿ ರಕ್ತ ಹರಿಯುವುದಿಲ್ಲ. ಸಿಂಧನೂರು ಕಡೆ ಕಾಲುವೆ ನೀರು ನಿಂತರೆ ಭತ್ತ ಒಣಗುತ್ತದಲ್ಲ? ಹಾಗೆಯೇ ಚರ್ಮ ಸಾಯುತ್ತದೆ. ಸೊಂಟ, ಹಿಮ್ಮಡಿ, ಮೊಣಕೈ, ತಲೆಯ ಹಿಂಭಾಗ ದಿನಾ ನೋಡ್ರಿ.

ಇದು ಬಡವರಿಗೆ ಮಾತ್ರ ಬರುವುದಲ್ಲ. ಅಮೆರಿಕದ ಸಿನಿಮಾ ನಟ ಕ್ರಿಸ್ಟೋಫರ್ ರೀವ್ 1995ರಲ್ಲಿ ಕುದುರೆಯಿಂದ ಬಿದ್ದರು. ಕತ್ತಿನ ಕೆಳಗೆ ಮೈ ಸ್ವಾಧೀನ ತಪ್ಪಿತು. 2004ರಲ್ಲಿ ತೀರಿಕೊಂಡಾಗ ಅವರಿಗೆ ಇಂಥ ಹುಣ್ಣಿನ ನಂಜಿಗೆ ಚಿಕಿತ್ಸೆ ನಡೆದಿತ್ತು.

ನರ್ಸಮ್ಮ ನಮಗೆ ಗಾಳಿ ಹಾಸಿಗೆ ತರಲು ಹೇಳಿದರು. ಅದರಲ್ಲಿ ಸಾಲುಸಾಲಾಗಿ ಗಾಳಿ ಕೊಳವೆ ಇರುತ್ತವೆ. ಕರೆಂಟಿನ ಸಣ್ಣ ಪಂಪು ಗಾಳಿ ತುಂಬುತ್ತದೆ. ಒಂದು ಸಾಲು ಉಬ್ಬಿದಾಗ ಪಕ್ಕದ ಸಾಲು ಇಳಿಯುತ್ತದೆ. ಕೆಲವು ನಿಮಿಷಕ್ಕೆ ಅದಲು ಬದಲು ಆಗುತ್ತದೆ. ಒಂದೇ ಕಡೆ ಭಾರ ನಿಲ್ಲುವುದಿಲ್ಲ.

ಇದನ್ನು ಮಾಮೂಲಿ ಹಾಸಿಗೆಯ ಮೇಲೆ ಹಾಸಬೇಕು. ಮೇಲೆ ತೆಳು ಬಟ್ಟೆ ಒಂದೇ ಸಾಕು. ಕೌದಿ ಹಾಸಿದರೆ ಉಪಯೋಗ ಕಡಿಮೆ. ಪಿನ್ನು, ಸೂಜಿ ತಾಗಬಾರದು. ಸೊಂಟದ ಕೆಳಗೆ, ಗಾಳಿ ಹಾಸಿಗೆಯ ಅಡಿ ಅಂಗೈ ತೂರಿಸಿ ನೋಡ್ರಿ. ಎಲುಬು ಕೈಗೆ ತಾಗಿದರೆ ಗಾಳಿ ಸಾಲದು.

ಆದರೆ ಹಾಸಿಗೆಯೊಂದೇ ಕಾಯುವುದಿಲ್ಲ. ಕರೆಂಟು ಹೋದರೆ ಪಂಪು ನಿಲ್ಲುತ್ತದೆ. ನಮ್ಮ ಕೈ ನಿಲ್ಲಬಾರದು. ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಬೇಕು. ಎಳೆಯಬೇಡ್ರಿ, ಇಬ್ಬರು ಸೇರಿ ಎತ್ತಿ ಹೊರಳಿಸ್ರಿ. ಮೀನಖಂಡದ ಕೆಳಗೆ ದಿಂಬು ಇಟ್ಟರೆ ಹಿಮ್ಮಡಿ ಹಾಸಿಗೆಗೆ ತಾಗುವುದಿಲ್ಲ. ಒದ್ದೆ ಬಟ್ಟೆ ಕೂಡಲೇ ತೆಗೆಯಬೇಕು. ಬೇಳೆ, ಹಾಲು, ಮೊಟ್ಟೆ ಕೊಡಬೇಕು.

ಮೈ ಕೆಂಪಾಗಿದೆಯೇ? ಬೆರಳಿಂದ ಒತ್ತಿ ಬಿಡ್ರಿ. ಕೆಂಪು ಹೋಗದಿದ್ದರೆ ಹುಣ್ಣು ಶುರುವಾಗಿದೆ. ಕಪ್ಪು ಮೈಯಲ್ಲಿ ಆ ಜಾಗ ಇನ್ನೂ ಕಪ್ಪಾಗಿ, ಬಿಸಿಯಾಗಿ, ಗಟ್ಟಿಯಾಗಿ ಕಾಣಬಹುದು. ಉಜ್ಜಬೇಡ್ರಿ. ಬೂದಿ, ಅರಿಶಿನ ಮೆತ್ತಬೇಡ್ರಿ. ಆಶಾ ಕಾರ್ಯಕರ್ತೆಗೆ ಹೇಳ್ರಿ, ಆಸ್ಪತ್ರೆಗೆ ತೋರಿಸ್ರಿ.

ನಮ್ಮ ಮನೆಯಲ್ಲಿ ಒಂದು ನೋಟುಬುಕ್ಕು ಇಟ್ಟೆವು. "ಗಂಟೆ 10 – ಬಲ ಮಗ್ಗಲು. ಗಂಟೆ 12 – ಎಡ ಮಗ್ಗಲು." ನಾನು ಶಾಲೆಗೆ ಹೋದಾಗ ನಮ್ಮ ನೆಗೆಣ್ಣಿ ಪಕ್ಕದ ಮನೆಯವಳನ್ನು ಕರೆದು ಹೊರಳಿಸಿ ಬರೆಯುತ್ತಾಳೆ. ಅವಳೂ ನಿಮ್ಮ ಹಾಗೆ ದೊಡ್ಡವಳಾದ ಮೇಲೆ ಅಕ್ಷರ ಕಲಿತವಳು. ಅವಳು ಬರೆದದ್ದನ್ನು ನಾನು ಓದ್ತೀನಿ. ನಾನು ಬರೆದದ್ದನ್ನು ಅವಳು ಓದ್ತಾಳೆ.

ಹುಣ್ಣು ಮಾಯಲು ನಾಲ್ಕು ತಿಂಗಳು ಹಿಡೀತು. ಈಗ ಅತ್ತೆಯೇ ಕೇಳ್ತಾರೆ: "ಗಂಟೆ ಎಷ್ಟಾತವ್ವಾ? ನನ್ನ ಹೊರಳಸ್ರಿ."

ಅಕ್ಕಂದಿರೇ, ನಿಮ್ಮ ಓಣಿಯಲ್ಲಿ ಯಾರಾದರೂ ಮಲಗಿದಲ್ಲೇ ಇದ್ದಾರೆಯೇ? ಇವತ್ತೇ ಹೋಗ್ರಿ. ಬೆನ್ನು ನೋಡ್ರಿ. ಗಂಟೆ ಬರೀರಿ.